ಎರಡಕ್ಕೂ ಅರ್ಹಳು, ಸಿಗೋದು ಒಂದೇ

ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ, ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ಹುಟ್ಟಿದಾಗಿನಿಂದ ಅವಳ ಕಣ್ಣುಗುಡ್ಡೆ ಒಂದು ಕಡೆ ನಿಲ್ಲುವುದಿಲ್ಲ, ಸದಾ ಅಲುಗಾಡುತ್ತಿರುತ್ತದೆ. ಕನ್ನಡಕ ಹಾಕಿದರೂ ಬೋರ್ಡಿನ ಅಕ್ಷರ ಕಾಣುವುದಿಲ್ಲ. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು, ತಲೆ ಸ್ವಲ್ಪ ಓರೆ ಮಾಡಿ ಓದುತ್ತಾಳೆ. ಹಾಗೇ ಓದಿಕೊಂಡು ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಬರೆದು ಆಯ್ಕೆ ಪಟ್ಟಿಗೆ ಬಂದಳು. ಅಂದರೆ ಆರ್ಥಿಕವಾಗಿ ಹಿಂದುಳಿದ ಮನೆಯ ಜಾಣ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನ ಅವಳಿಗೆ ಸಿಗಬೇಕು. ವಿಕಲಚೇತನ ಮಕ್ಕಳಿಗೆ ಅದೇ ಕೇಂದ್ರ ಸರ್ಕಾರ ಕೊಡುವ ಪ್ರಿ-ಮೆಟ್ರಿಕ್ ವಿದ್ಯಾರ್ಥಿವೇತನಕ್ಕೂ ಅವಳು ಅರ್ಹಳು. ಎರಡಕ್ಕೂ ಅರ್ಜಿ ಹಾಕಬೇಕಾದ್ದು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಅಲ್ಲಿ ಒಬ್ಬರಿಗೆ ಒಂದೇ.

ನಾನು ಅದೇ ತಾಲ್ಲೂಕಿನ ಇನ್ನೊಂದು ಪ್ರೌಢಶಾಲೆಯ ಮೇಷ್ಟ್ರು. ನಮ್ಮಲ್ಲಿ ಸ್ಕಾಲರ್‌ಶಿಪ್ ಕೆಲಸವೆಲ್ಲ ನನ್ನ ಹೆಗಲಿಗೆ ಬಿದ್ದಿದೆ. ಹುಡುಗಿಯ ಪಂಚಾಯ್ತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ, ನನಗೆ ಹಳೆಯ ಪರಿಚಯ. ಅವರ ಮೂಲಕ ಈ ಪ್ರಕರಣ ನನ್ನ ಹತ್ತಿರ ಬಂತು. ಮನೆಯವರು ಒಪ್ಪಿದ್ದರಿಂದ ಬರೆಯುತ್ತಿದ್ದೇನೆ. ಹೆಸರು, ಊರು ಬೇಡ.

ಮನೆ ಮತ್ತು ಕಾಗದ

ಅಪ್ಪನಿಗೆ ಅರ್ಧ ಎಕರೆ ತೋಟ. ಸುಗ್ಗಿಯಲ್ಲಿ ಬೇರೆಯವರ ತೋಟದಲ್ಲಿ ಅಡಿಕೆ ಕೊನೆ ತೆಗೆಯುವ ಕೆಲಸ. ಅಮ್ಮ ಅಡಿಕೆ ಸುಲಿಯಲು ಹೋಗುತ್ತಾರೆ. ಹುಡುಗಿಗೆ ಒಬ್ಬ ತಮ್ಮ, ಅವನಿಗೂ ಇದೇ ಕಣ್ಣಿನ ತೊಂದರೆ. ನಾಡಕಚೇರಿಯಿಂದ ತಂದ ಆದಾಯ ಪ್ರಮಾಣ ಪತ್ರದಲ್ಲಿ ಇರುವ ಮೊತ್ತ 2.5 ಲಕ್ಷಕ್ಕಿಂತ ಎಷ್ಟೋ ಕಡಿಮೆ. ಇದು ಮುಖ್ಯ. ವಿಕಲಚೇತನರ ಪ್ರಿ-ಮೆಟ್ರಿಕ್‌ಗೆ ತಂದೆ-ತಾಯಿಯ ವರ್ಷದ ಆದಾಯ 2.5 ಲಕ್ಷ ದಾಟಬಾರದು, ಎನ್‌ಎಂಎಂಎಸ್‌ಗೆ 3.5 ಲಕ್ಷ ದಾಟಬಾರದು. ಇವರು ಎರಡರ ಒಳಗೂ ಬರುತ್ತಾರೆ.

ಇನ್ನು ಅಂಗವೈಕಲ್ಯದ ದಾಖಲೆ. ಚಿಕ್ಕವಳಿದ್ದಾಗ ಮಾಡಿಸಿದ್ದ ಕೈಬರಹದ ಸರ್ಟಿಫಿಕೇಟ್ ಒಂದಿತ್ತು. ಅಮ್ಮ ಅದನ್ನು ಲ್ಯಾಮಿನೇಶನ್ ಮಾಡಿಸಿ ಜೋಪಾನವಾಗಿ ಇಟ್ಟಿದ್ದರು. ಆದರೆ 2021ರ ಜೂನ್ 1ರಿಂದ ಇಂಥ ಪ್ರಮಾಣ ಪತ್ರಗಳನ್ನು ಯುಡಿಐಡಿ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯ ಪೋರ್ಟಲ್ ಮೂಲಕವೇ ಕೊಡಬೇಕು ಎಂದಾಗಿದೆ. ವಿದ್ಯಾರ್ಥಿವೇತನ ಪೋರ್ಟಲ್ ಕೇಳುವುದೂ ಯುಡಿಐಡಿ ಸಂಖ್ಯೆಯನ್ನೇ. ಹಾಗಾಗಿ ಹೊಸದಾಗಿ ಅರ್ಜಿ ಹಾಕಿ, ಶಿವಮೊಗ್ಗಕ್ಕೆ ಹೋಗಿ ಕಣ್ಣು ತೋರಿಸಬೇಕಾಯಿತು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ. ಅದರಲ್ಲಿ ಮಂದದೃಷ್ಟಿಗೆ ಸ್ಪಷ್ಟ ಅಳತೆ ಇದೆ. ಕನ್ನಡಕ ಹಾಕಿದ ಮೇಲೂ ಚೆನ್ನಾಗಿರುವ ಕಣ್ಣಿನ ದೃಷ್ಟಿ 6/18ಕ್ಕಿಂತ ಕಡಿಮೆಯಾಗಿ 3/60ರವರೆಗೆ ಇರಬೇಕು, ಇಲ್ಲವೇ ನೋಟದ ಹರವು 40 ಡಿಗ್ರಿಗಿಂತ ಕಡಿಮೆಯಾಗಿ 10 ಡಿಗ್ರಿಯವರೆಗೆ ಇರಬೇಕು. ತಪಾಸಣೆಯಲ್ಲಿ ಹುಡುಗಿಯ ಅಂಗವೈಕಲ್ಯದ ಪ್ರಮಾಣ ಬಂದದ್ದು 40 ಪರ್ಸೆಂಟ್. ಸೌಲಭ್ಯಗಳಿಗೆ ಬೇಕಾದ ಕನಿಷ್ಠವೂ 40. ಗೆರೆಯ ಮೇಲೆಯೇ ನಿಂತಳು. ಅಪ್ಪನಿಗೆ ಇದು ದಿಗಿಲು: ‘ನಲವತ್ತು ಅಂದ್ರೆ ಸಾಕಾಗುತ್ತಾ ಸಾರ್, ಇನ್ನೊಂದು ಜಾಸ್ತಿ ಬೇಕಿತ್ತಾ?’ ಸಾಕು. ಕಾಯ್ದೆ ಹೇಳುವುದು 40ಕ್ಕಿಂತ ಕಡಿಮೆ ಇರಬಾರದು ಎಂದಷ್ಟೇ. ಕಾರ್ಡ್ ಹಳದಿ ಬಣ್ಣದ್ದು. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 80 ಮತ್ತು ಅದಕ್ಕಿಂತ ಜಾಸ್ತಿ ಇದ್ದರೆ ನೀಲಿ.

ಇಷ್ಟು ಕಾಗದ ಸೇರುವಷ್ಟರಲ್ಲಿ ಮಳೆ ಹಿಡಿದಿತ್ತು. ನಮ್ಮ ಕಡೆ ಇದೊಂದು ವಿಚಿತ್ರ. ಪೋರ್ಟಲ್ ತೆರೆಯುವುದು ಮಳೆಗಾಲದಲ್ಲೇ. ಕರೆಂಟು ಹೋಗುವುದು, ಟವರ್ ಕೈಕೊಡುವುದು, ಶಾಲೆಗೆ ರಜೆ ಘೋಷಣೆ ಆಗುವುದು, ಎಲ್ಲ ಅದೇ ತಿಂಗಳುಗಳಲ್ಲಿ. ದೆಹಲಿಯ ಕ್ಯಾಲೆಂಡರಿನಲ್ಲಿ ಆಗುಂಬೆ, ನಗರ, ಹುಲಿಕಲ್ಲಿನ ಮಳೆ ಬರುವುದಿಲ್ಲ ಅಲ್ವಾ.

ಓರೆ ತಲೆ, ನೆಟ್ಟಗಿನ ಕ್ಯಾಮೆರಾ

ಮನೆಯವರು ಮೊದಲು ನನ್ನ ಹತ್ತಿರ ಬಂದದ್ದು ಯಾವ ಸ್ಕಾಲರ್‌ಶಿಪ್ ಅಂತ ಕೇಳೋದಕ್ಕಲ್ಲ. ಒಟಿಆರ್ ಆಗುತ್ತಿಲ್ಲ ಅಂತ. ಪೋರ್ಟಲ್‌ನಲ್ಲಿ ಅರ್ಜಿ ಹಾಕುವ ಮುಂಚೆ ಒಂದು ಸಲದ ನೋಂದಣಿ ಆಗಬೇಕು. ಅದರಿಂದ 14 ಅಂಕಿಗಳ ಒಂದು ಸಂಖ್ಯೆ ಬರುತ್ತದೆ. ಅದನ್ನು ಪಡೆಯಲು ಮೊಬೈಲಿನಲ್ಲಿ ಮುಖ ತೋರಿಸಿ ಆಧಾರ್ ದೃಢೀಕರಣ ಮಾಡಬೇಕು. ಪೇಟೆಯ ಸೈಬರ್ ಅಂಗಡಿಯಲ್ಲಿ ಎಷ್ಟು ಸಲ ಮಾಡಿದರೂ ಆಗಲಿಲ್ಲವಂತೆ. ಅಂಗಡಿಯ ಹುಡುಗ ‘ನಿಮ್ಮ ಆಧಾರೇ ಸರಿ ಇಲ್ಲ, ಅಪ್‌ಡೇಟ್ ಮಾಡಿಸಿ’ ಎಂದು ಕಳಿಸಿಬಿಟ್ಟಿದ್ದ.

ಆಧಾರ್ ಸರಿಯಾಗಿಯೇ ಇತ್ತು. ತೊಂದರೆ ಬೇರೆ. ಆ ಆ್ಯಪ್ ತೆರೆದರೆ ಪರದೆಯ ಮೇಲೆ ಒಂದು ವೃತ್ತ ಬರುತ್ತದೆ. ಮುಖ ಅದರೊಳಗೆ ಇರಬೇಕು, ನೆಟ್ಟಗೆ ನೋಡಬೇಕು, ಹೇಳಿದಾಗ ಕಣ್ಣು ಮಿಟುಕಿಸಬೇಕು. ಈ ಹುಡುಗಿಗೆ ವೃತ್ತವೇ ಕಾಣುವುದಿಲ್ಲ. ಬೆಳಕಿಗೆ ಕಣ್ಣು ಕಿರಿದಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಅವಳ ತಲೆ ತಾನಾಗಿಯೇ ಎಡಕ್ಕೆ ವಾಲುತ್ತದೆ. ಅದು ಕೆಟ್ಟ ಅಭ್ಯಾಸವಲ್ಲ. ಕಣ್ಣುಗುಡ್ಡೆ ಅಲುಗಾಡುವ ಎಷ್ಟೋ ಮಕ್ಕಳಿಗೆ ಒಂದು ನಿರ್ದಿಷ್ಟ ಕೋನದಲ್ಲಿ ಆ ಅಲುಗಾಟ ಕಡಿಮೆಯಾಗಿ ನೋಟ ನಿಲ್ಲುತ್ತದೆ. ಅವರು ನೋಡೋದೇ ಹಾಗೆ. ನೆಟ್ಟಗೆ ನೋಡು ಅಂದರೆ ಅವಳಿಗೆ ಕಾಣಿಸುವುದು ಇನ್ನೂ ಕಡಿಮೆ.

ಶಾಲೆಯ ಜಗುಲಿಗೆ ಬಂದೆವು. ಮಳೆ ಸ್ವಲ್ಪ ಬಿಟ್ಟಿತ್ತು, ಮೋಡದ ಬೆಳಕು ಮುಖಕ್ಕೆ ಸಮನಾಗಿ ಬೀಳುತ್ತಿತ್ತು. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಗೋಡೆಗೆ ತಲೆ ಆನಿಸಿದೆವು. ಮೊಬೈಲ್ ಅವಳ ಕೈಯಲ್ಲಿ ಬೇಡ, ವಿಆರ್‌ಡಬ್ಲ್ಯೂ ಹಿಡಿದರು. ವೃತ್ತದೊಳಗೆ ಮುಖ ಬಂತೋ ಇಲ್ಲವೋ ಅನ್ನುವುದನ್ನು ಅವರೇ ನೋಡಿದರು. ಅಮ್ಮ ಒಂದು ಬೆರಳಿನಿಂದ ಗಲ್ಲ ಸರಿ ಮಾಡಿ ಕೈ ತೆಗೆದರು. ‘ಈಗ ರೆಪ್ಪೆ ಬಡಿ. ನಿಧಾನ. ಇನ್ನೊಂದು ಸಲ.’ ಆಯಿತು. ಹುಡುಗಿ ಕೇಳಿದಳು, ‘ಫೋಟೋ ಚೆನ್ನಾಗಿ ಬಂತಾ ಸಾರ್?’

ಇಂಥದ್ದು ಇವಳೊಬ್ಬಳ ಕಷ್ಟವಲ್ಲ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇದೇ ಬಗೆಯ ದೂರಿನ ಮೇಲೆ ತೀರ್ಪು ಕೊಟ್ಟಿದೆ. ಆಸಿಡ್ ದಾಳಿಗೆ ಒಳಗಾದವರು ಮತ್ತು ದೃಷ್ಟಿದೋಷ ಇರುವವರು ಬ್ಯಾಂಕ್ ಮೊದಲಾದ ಕಡೆ ಇ-ಕೆವೈಸಿ, ಅಂದರೆ ಆನ್‌ಲೈನ್ ಗುರುತಿನ ಪರಿಶೀಲನೆ ಮಾಡುವಾಗ ಕಣ್ಣು ಮಿಟುಕಿಸಿ, ನೆಟ್ಟಗೆ ನೋಡಿ ಎಂದರೆ ಆಗುವುದಿಲ್ಲ ಎಂದು ಹೋಗಿದ್ದರು. ಡಿಜಿಟಲ್ ಸೇವೆ ಎಲ್ಲರ ಕೈಗೂ ಸಿಗಬೇಕಾದ್ದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಕೋರ್ಟ್ ಹೇಳಿತು, ಕಣ್ಣು ಮಿಟುಕಿಸುವುದಕ್ಕೆ ಬದಲಿ ದಾರಿ ಇರಬೇಕು ಎಂದಿತು. ಸೈಬರ್ ಅಂಗಡಿಯ ಹುಡುಗನಿಗೆ ಇದು ಗೊತ್ತಿರಬೇಕು ಅಂತ ನಾನು ಹೇಳುವುದಿಲ್ಲ. ಆ್ಯಪ್ ಮಾಡಿದವರಿಗೆ ಗೊತ್ತಿರಬೇಕಿತ್ತು.

ಒತ್ತಿದ ಬಟನ್

ಒಟಿಆರ್ ಬಂದ ಮೇಲೆ ಮನೆಯವರು ವಾಪಸ್ ಅದೇ ಅಂಗಡಿಗೆ ಹೋದರು. ವಿಆರ್‌ಡಬ್ಲ್ಯೂ ‘ವಿಕಲಚೇತನರದ್ದು ಹಾಕಿಸಿ’ ಎಂದು ಹೇಳಿಕಳಿಸಿದ್ದರು. ಅವರ ಕೆಲಸವೇ ಅದು, ಅವರು ಹೇಳಿದ್ದು ಸಹಜ. ಅಂಗಡಿಯವನು ಯುಡಿಐಡಿ ಸಂಖ್ಯೆ ಹಾಕಿ, ಪ್ರಿ-ಮೆಟ್ರಿಕ್ ಆರಿಸಿ, ಸಬ್‌ಮಿಟ್ ಒತ್ತಿ, ಪ್ರಿಂಟ್ ಕೊಟ್ಟ.

ಕೆಲವು ದಿನ ಬಿಟ್ಟು ಅವಳ ಶಾಲೆಯ ನೋಡಲ್ ಮೇಷ್ಟ್ರು, ಅಂದರೆ ಅರ್ಜಿಗಳನ್ನು ಪರಿಶೀಲಿಸುವವರು, ತಮ್ಮ ಲಾಗಿನ್ ತೆರೆದು ನೋಡುತ್ತಾರೆ. ಎನ್‌ಎಂಎಂಎಸ್ ಪಟ್ಟಿಯಲ್ಲಿ ಅವಳ ಅರ್ಜಿ ಇಲ್ಲ, ಇನ್ನೊಂದು ಯೋಜನೆಯ ಕೆಳಗೆ ಇದೆ. ಅವರಿಗೆ ತಲೆಬಿಸಿ. ಆ ಶಾಲೆಯಿಂದ ಆಯ್ಕೆಯಾದವರೇ ಬೆರಳೆಣಿಕೆಯಷ್ಟು. ಎನ್‌ಎಂಎಂಎಸ್‌ಗೆ ಆಯ್ಕೆಯಾದ ಮಗು ಒಂಬತ್ತನೇ ತರಗತಿಯಲ್ಲೇ ಪೋರ್ಟಲ್‌ನಲ್ಲಿ ಹೊಸ ಅರ್ಜಿ ಹಾಕಬೇಕು. ಆ ವರ್ಷ ತಪ್ಪಿದರೆ ನಾಲ್ಕು ವರ್ಷದ ಹಣ ಕೈತಪ್ಪಿದ ಹಾಗೆ. ಅವರು ಮನೆಗೆ ಫೋನ್ ಮಾಡಿದರು, ಮನೆಯವರು ವಿಆರ್‌ಡಬ್ಲ್ಯೂಗೆ, ಅವರು ನನಗೆ.

ಅಂಗಡಿಯವನ ಸಲಹೆ: ‘ಎರಡೂ ಹಾಕೋಣ, ಯಾವುದಾದ್ರೂ ಒಂದು ಸಿಗುತ್ತೆ.’ ಆಗುವುದಿಲ್ಲ. ಆಧಾರ್ ಒಂದೇ ಆದ್ದರಿಂದ ಪೋರ್ಟಲ್ ಎರಡನೆಯದನ್ನು ಬಿಡುವುದಿಲ್ಲ. ವಿಕಲಚೇತನರ ಯೋಜನೆಯ ನಿಯಮದಲ್ಲೂ ಇದನ್ನು ಪಡೆಯುವವರು ಬೇರೆ ವಿದ್ಯಾರ್ಥಿವೇತನ ಪಡೆಯಬಾರದು ಎಂದಿದೆ. ಅಪ್ಪನ ಪ್ರಶ್ನೆ ಬೇರೆ: ‘ಎಂತ ಮಾಡೂದು ಸಾರ್, ಯಾವುದು ಬೇಗ ಬರುತ್ತೆ?’

ಲೆಕ್ಕ

ಕೂತು ಲೆಕ್ಕ ಹಾಕಿದೆವು. ಎನ್‌ಎಂಎಂಎಸ್ ವರ್ಷಕ್ಕೆ 12,000 ರೂಪಾಯಿ, ತಿಂಗಳಿಗೆ 1,000ದ ಲೆಕ್ಕ. 2017ಕ್ಕಿಂತ ಮುಂಚೆ ಇದರ ಅರ್ಧ ಇತ್ತು. ಒಂಬತ್ತರಿಂದ ಹನ್ನೆರಡರವರೆಗೆ ಬರುತ್ತದೆ.

ವಿಕಲಚೇತನರ ಪ್ರಿ-ಮೆಟ್ರಿಕ್ ಒಂಬತ್ತು ಮತ್ತು ಹತ್ತನೇ ತರಗತಿಗೆ ಮಾತ್ರ. ಮನೆಯಿಂದ ಓಡಾಡುವವರಿಗೆ ತಿಂಗಳಿಗೆ 500, ಹಾಸ್ಟೆಲ್‌ನಲ್ಲಿರುವವರಿಗೆ 800. ಪುಸ್ತಕಕ್ಕೆ ವರ್ಷಕ್ಕೆ 1,000. ಇದರ ಮೇಲೆ ಅಂಗವೈಕಲ್ಯ ಭತ್ಯೆ, ದೃಷ್ಟಿದೋಷ ಇರುವವರಿಗೆ ವರ್ಷಕ್ಕೆ 4,000. ಹನ್ನೆರಡೂ ತಿಂಗಳು ಕೊಟ್ಟರು ಅಂತಲೇ ಇಟ್ಟುಕೊಳ್ಳಿ, 6,000 ಮತ್ತು 1,000 ಮತ್ತು 4,000, ಒಟ್ಟು 11,000. ಎನ್‌ಎಂಎಂಎಸ್‌ಗಿಂತ ಒಂದು ಸಾವಿರ ಕಡಿಮೆ. ಅದೇ ಹುಡುಗಿ ಹಾಸ್ಟೆಲ್‌ನಲ್ಲಿದ್ದರೆ 14,600 ಆಗುತ್ತಿತ್ತು, ಆಗ ಮಾತೇ ಬೇರೆ.

ಮೊತ್ತಕ್ಕಿಂತ ದೊಡ್ಡದು ಖಾತ್ರಿ. ವಿಕಲಚೇತನರ ಪ್ರಿ-ಮೆಟ್ರಿಕ್‌ನಲ್ಲಿ ದೇಶಕ್ಕೆಲ್ಲ ಸೇರಿ ವರ್ಷಕ್ಕೆ 25,000 ಹೊಸ ಸ್ಥಾನ, ಹತ್ತನೇ ತರಗತಿಯ ನಂತರದ ಓದಿಗೆ ಕೊಡುವ ಪೋಸ್ಟ್-ಮೆಟ್ರಿಕ್‌ನಲ್ಲಿ 17,000. ಅರ್ಧ ಹೆಣ್ಣುಮಕ್ಕಳಿಗೆ ಮೀಸಲು, ಅದು ಒಳ್ಳೆಯದೇ. ಆದರೂ ಅರ್ಜಿ ಹಾಕಿದವರಿಗೆಲ್ಲ ಸಿಗುತ್ತದೆ ಅನ್ನುವ ಹಾಗಿಲ್ಲ. ಎನ್‌ಎಂಎಂಎಸ್‌ನಲ್ಲಿ ಆಯ್ಕೆ ಆಗಲೇ ಮುಗಿದಿದೆ. ಕೈಯಲ್ಲಿರುವುದನ್ನು ಬಿಟ್ಟು ಸಿಗಬಹುದಾದದ್ದರ ಹಿಂದೆ ಹೋಗುವುದು ಯಾಕೆ?

ವಿಆರ್‌ಡಬ್ಲ್ಯೂ ಸುಲಭಕ್ಕೆ ಒಪ್ಪಲಿಲ್ಲ. ‘ಹಾಗಾದರೆ ಕಣ್ಣಿನ ಖರ್ಚಿಗೆ ಏನು ಬಂತು ಸಾರ್?’ ಎಂದರು. ಅವರ ಮಾತು ನನ್ನನ್ನು ಈಗಲೂ ಬಿಟ್ಟಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಕೊನೆಗೆ ತೀರ್ಮಾನ ಹೇಳಿದ್ದು ಹುಡುಗಿ. ‘ಅದು ನಾನು ಪಾಸ್ ಮಾಡಿದ್ದು. ಅದೇ ಬೇಕು.’

ತೀರ್ಮಾನ ಆದ ಮೇಲಿನ ಕೆಲಸ ಚುರುಕಾಗಿ ಆಯಿತು. ಮೊದಲ ಅರ್ಜಿ ಇನ್ನೂ ಶಾಲೆಯ ಪರಿಶೀಲನೆಗೇ ಕಾಯುತ್ತಿತ್ತು, ಹಿಂತೆಗೆದುಕೊಂಡು ಎನ್‌ಎಂಎಂಎಸ್‌ನಲ್ಲಿ ಹೊಸದಾಗಿ ಹಾಕಲಾಯಿತು. ಶಾಲೆಯವರು ಆತುರದಲ್ಲಿ ‘ರಿಜೆಕ್ಟ್’ ಒತ್ತಿದ್ದರೆ ಕಥೆ ಮುಗಿಯುತ್ತಿತ್ತು. ನೋಡಲ್ ಮೇಷ್ಟ್ರುಗಳಿಗೆ ನಾನು ಯಾವಾಗಲೂ ಹೇಳೋದು ಇದೇ. ಏನೋ ಸರಿ ಇಲ್ಲ ಅನ್ನಿಸಿದರೆ ‘ಡಿಫೆಕ್ಟಿವ್’ ಒತ್ತಿ, ಅರ್ಜಿ ಮಗುವಿನ ಲಾಗಿನ್‌ಗೆ ವಾಪಸ್ ಹೋಗುತ್ತದೆ, ತಿದ್ದಿ ಕಳಿಸಬಹುದು. ರಿಜೆಕ್ಟ್ ಆದದ್ದು ವಾಪಸ್ ಬರುವುದಿಲ್ಲ.

ಇನಿಶಿಯಲ್

ಹೊಸ ಅರ್ಜಿಯಲ್ಲಿ ಇನ್ನೊಂದು ತೊಡಕು ಎದ್ದಿತು. ಆಧಾರ್‌ನಲ್ಲಿ ಹೆಸರಿನ ಮುಂದೆ ಅಪ್ಪನ ಇನಿಶಿಯಲ್ ಇದೆ. ಶಾಲೆಯ ಎಸ್‌ಎಟಿಎಸ್, ಅಂದರೆ ಮಕ್ಕಳ ಆನ್‌ಲೈನ್ ದಾಖಲೆಯಲ್ಲಿ ಇಲ್ಲ, ಎನ್‌ಎಂಎಂಎಸ್ ಪಟ್ಟಿಯಲ್ಲೂ ಇಲ್ಲ. ಒಟಿಆರ್‌ಗೆ ಹೆಸರು ಬರುವುದು ಆಧಾರ್‌ನಿಂದ.

ಇಂಥ ಕಡೆ ಎಲ್ಲರೂ ಆಧಾರ್ ಸೆಂಟರಿಗೆ ಓಡುತ್ತಾರೆ. ಓಡಬೇಡಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಹೆಣ್ಣುಮಗುವಿಗೆ ಮುಂದೆ ಮದುವೆಯಾದ ಮೇಲೆ ಆ ಅವಕಾಶ ಬೇಕಾಗಬಹುದು, ಸುಮ್ನೆ ಒಂದು ಇನಿಶಿಯಲ್‌ಗೆ ಖರ್ಚು ಮಾಡಬಾರದು. ಈ ಪ್ರಕರಣದಲ್ಲಿ ಜನನ ಪ್ರಮಾಣ ಪತ್ರ, ಆಧಾರ್, ಯುಡಿಐಡಿ ಮೂರೂ ಒಂದೇ ರೀತಿ ಇದ್ದವು. ಬೇರೆ ಇದ್ದದ್ದು ಶಾಲೆಯ ದಾಖಲೆ ಮಾತ್ರ. ಅದನ್ನೇ ತಿದ್ದಿಸುವುದು ಸರಿ, ಅದೂ ಹತ್ತನೇ ತರಗತಿಯ ಪರೀಕ್ಷಾ ನೋಂದಣಿಗೆ ಮುಂಚೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಸಲ ಹೆಸರು ಅಚ್ಚಾದ ಮೇಲೆ ತಿದ್ದುಪಡಿ ದೊಡ್ಡ ರಾಮಾಯಣ. ಮುಖ್ಯೋಪಾಧ್ಯಾಯರು ಪತ್ರ ಕೊಟ್ಟರು, ಎಸ್‌ಎಟಿಎಸ್ ಸರಿಯಾಯಿತು. ಅರ್ಜಿ ಶಾಲೆಯ ಹಂತ, ಜಿಲ್ಲಾ ಹಂತ ಎರಡೂ ದಾಟಿತು.

ಬಂದ ಹಣ, ತಪ್ಪು ಪಾಸ್‌ಬುಕ್

ಮುಂದಿನ ವರ್ಷ ಬೇಸಿಗೆಯಲ್ಲಿ ಅಪ್ಪ ಫೋನ್ ಮಾಡಿದರು. ಅದೇ ಶಾಲೆಯ ಇನ್ನೊಬ್ಬ ಹುಡುಗನಿಗೆ ಹಣ ಬಂದಿದೆ, ಇವಳಿಗೆ ಬಂದಿಲ್ಲ. ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ಖಾಲಿ. ‘ಎರಡಾಟ ಆಡಿದ್ದಕ್ಕೆ ಎರಡೂ ಹೋಯ್ತು ಕಾಣುತ್ತೆ ಸಾರ್.’

ಹಣ ಬಂದಿತ್ತು. ಬೇರೆ ಖಾತೆಗೆ. ನೇರ ವರ್ಗಾವಣೆಯ ಹಣ ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ. ಒಂದು ಆಧಾರ್ ಎಷ್ಟು ಬ್ಯಾಂಕಿಗೆ ಕೊಟ್ಟಿದ್ದರೂ ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಪಟ್ಟಿಯಲ್ಲಿ ಒಂದು ಹೊತ್ತಿಗೆ ಒಂದೇ ಬ್ಯಾಂಕ್ ಇರುತ್ತದೆ, ಸಾಮಾನ್ಯವಾಗಿ ಕೊನೆಗೆ ಜೋಡಿಸಿದ್ದು. ನಡುವೆ ಊರಿಗೆ ಬಂದ ಒಬ್ಬರು ಮನೆ ಬಾಗಿಲಲ್ಲೇ ಬೆರಳು ಒತ್ತಿಸಿಕೊಂಡು ಎಲ್ಲ ಮಕ್ಕಳಿಗೂ ಖಾತೆ ತೆರೆದಿದ್ದರು. ಅದಕ್ಕೆ ಪಾಸ್‌ಬುಕ್ಕೂ ಇರಲಿಲ್ಲ, ಒಂದು ಚಿಕ್ಕ ಕಾರ್ಡು. ಅಮ್ಮ ಅದನ್ನು ಅಡುಗೆಮನೆಯ ಡಬ್ಬಿಯಲ್ಲಿ ಹಾಕಿ ಮರೆತಿದ್ದರು. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಿದರೆ ಯಾವ ಬ್ಯಾಂಕ್ ಅಂತ ಗೊತ್ತಾಗುತ್ತದೆ. ಒಟಿಪಿ ಬೇಕು, ಅಷ್ಟೇ. ಆ ‘ಅಷ್ಟೇ’ಗೆ ಅಪ್ಪ ಸಿಮ್ಮು ತೆಗೆದುಕೊಂಡು ಟವರ್ ಸಿಗುವ ದಿಬ್ಬ ಹತ್ತಿದರು, ಬಂದ ಸಂಖ್ಯೆಯನ್ನು ಇನ್ನೊಂದು ಫೋನಿನಿಂದ ಕೂಗಿ ಹೇಳಿದರು. ಹಣ ಪೂರ್ತಿ ಇತ್ತು.

ಕಣ್ಣಿನ ಖರ್ಚಿಗೆ ಏನು ಬಂತು?

ಈಗ ವಿಆರ್‌ಡಬ್ಲ್ಯೂ ಕೇಳಿದ ಮಾತಿಗೆ ಬರುತ್ತೇನೆ.

ಅದೇ ತರಗತಿಯಲ್ಲಿ, ಅದೇ ಬಗೆಯ ಮನೆಯ, ಕಣ್ಣು ಚೆನ್ನಾಗಿರುವ ಹುಡುಗ ಎನ್‌ಎಂಎಂಎಸ್ ಪಾಸಾದ. ಅವನಿಗೆ 12,000. ಇವಳೂ ಪಾಸಾದಳು, ಇವಳಿಗೂ 12,000. ಸಮ ಅಲ್ವಾ ಅನ್ನಬಹುದು. ಅವನ ಖರ್ಚಿನ ಪಟ್ಟಿಯಲ್ಲಿ ಇಲ್ಲದ್ದು ಇವಳ ಪಟ್ಟಿಯಲ್ಲಿ ಎಷ್ಟಿದೆ ನೋಡಿ. ಬೋರ್ಡ್ ಕಾಣದ್ದಕ್ಕೆ ಪಾಠದ ಪುಟಗಳನ್ನು ದೊಡ್ಡ ಅಕ್ಷರಕ್ಕೆ ಜೆರಾಕ್ಸ್ ಮಾಡಿಸಬೇಕು. ಕೈಯಲ್ಲಿ ಹಿಡಿಯುವ ಭೂತಗನ್ನಡಿ ಬೇಕು. ಸಂಜೆ ಕತ್ತಲಾದರೆ ತೋಟದ ದಾರಿಯಲ್ಲಿ, ಕಾಲುಸಂಕದ ಮೇಲೆ ಒಬ್ಬಳನ್ನೇ ಬಿಡಲು ಆಗುವುದಿಲ್ಲ, ಅಮ್ಮ ಬಸ್ ಸ್ಟಾಪಿಗೆ ಬರಬೇಕು. ಅಡಿಕೆ ಸುಲಿಯುವ ಕಾಲದಲ್ಲಿ ಅಷ್ಟು ಹೊತ್ತಿನ ಕೂಲಿ ಹೋಯಿತು. ಕಣ್ಣಿನ ತಪಾಸಣೆಗೆ ಶಿವಮೊಗ್ಗಕ್ಕೆ ಹೋಗಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತ, ನಿಜ. ಇವರ ಊರಿಗೆ ಬರುವುದು ಖಾಸಗಿ ಬಸ್. ಮಲೆನಾಡಿನ ಎಷ್ಟೋ ದಾರಿಗಳಲ್ಲಿ ಹಾಗೇ.

ಅಂಗವೈಕಲ್ಯ ಭತ್ಯೆಯ 4,000 ಇಂಥ ಖರ್ಚಿಗೇ ಇರುವುದು. ಅದು ಬಡತನಕ್ಕೆ ಕೊಡುವ ಹಣ ಅಲ್ಲ, ಜಾಣತನಕ್ಕೆ ಕೊಡುವ ಬಹುಮಾನವೂ ಅಲ್ಲ. ಪರೀಕ್ಷೆ ಪಾಸಾದ ಮಾತ್ರಕ್ಕೆ ಕಣ್ಣು ಸರಿ ಹೋಗುವುದಿಲ್ಲ, ಖರ್ಚೂ ಇಳಿಯುವುದಿಲ್ಲ. ಆದರೆ ‘ಒಬ್ಬರಿಗೆ ಒಂದೇ ವಿದ್ಯಾರ್ಥಿವೇತನ’ ಅನ್ನುವ ನಿಯಮ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. ಒಬ್ಬರೇ ಎರಡು ಕಡೆ ಹಣ ಪಡೆಯಬಾರದು ಅನ್ನುವುದು ನ್ಯಾಯವೇ. ತಿಂಗಳ 500 ಮತ್ತು ತಿಂಗಳ 1,000 ಎರಡೂ ಬೇಡ, ಒಪ್ಪಿದೆ. ಭತ್ಯೆ ಯಾಕೆ ಅದರ ಜೊತೆ ಹೋಗಬೇಕು? ಚೆನ್ನಾಗಿ ಓದುವ ಅಂಗವಿಕಲ ಮಗುವೇ ಇಲ್ಲಿ ಕಳೆದುಕೊಳ್ಳುತ್ತದೆ. ಎನ್‌ಎಂಎಂಎಸ್ ಬರೆಯದೆ ಇದ್ದಿದ್ದರೆ ಇವಳಿಗೆ ಈ ತಾಪತ್ರಯವೇ ಇರಲಿಲ್ಲ.

ಸ್ವಲ್ಪ ಸಹಾಯ ಬೇರೆ ದಾರಿಯಲ್ಲಿ ಬಂದಿದೆ ಎನ್ನಬೇಕು. ಸಮಗ್ರ ಶಿಕ್ಷಣದಲ್ಲಿ ವಿಶೇಷ ಅಗತ್ಯವಿರುವ ಹೆಣ್ಣುಮಕ್ಕಳಿಗೆ ತಿಂಗಳಿಗೆ 200ರಂತೆ ಹತ್ತು ತಿಂಗಳು ಪ್ರೋತ್ಸಾಹಧನ ಇದೆ. ಅದು ಶಾಲೆ ಮತ್ತು ಬಿಆರ್‌ಸಿ, ಅಂದರೆ ಬ್ಲಾಕ್ ಸಂಪನ್ಮೂಲ ಕೇಂದ್ರದ ಕಡೆಯಿಂದ ಬರುವುದು, ಈ ಪೋರ್ಟಲ್‌ಗೆ ಸಂಬಂಧವಿಲ್ಲ. ವಿಶೇಷ ಅಗತ್ಯವಿರುವ ಮಕ್ಕಳನ್ನು ನೋಡಿಕೊಳ್ಳುವ ಬಿಆರ್‌ಸಿಯ ಬಿಐಇಆರ್‌ಟಿ ಮೇಷ್ಟ್ರು ಶಿಬಿರದಲ್ಲಿ ಅಳತೆ ಮಾಡಿಸಿ ಭೂತಗನ್ನಡಿ ಕೊಡಿಸಿದರು.

ಮುಂದಿನ ಹಂತಗಳು

ಹುಡುಗಿ ಈಗ ಹತ್ತನೇ ತರಗತಿ. ಎನ್‌ಎಂಎಂಎಸ್ ಪಿಯುಸಿಗೂ ಮುಂದುವರಿಯಬೇಕಾದರೆ ಎಸ್‌ಎಸ್‌ಎಲ್‌ಸಿಯಲ್ಲಿ 60 ಪರ್ಸೆಂಟ್ ಬೇಕು, ಪರಿಶಿಷ್ಟ ಜಾತಿ-ಪಂಗಡದವರಿಗೆ 5 ರಿಯಾಯಿತಿ. ಹಾಗಾಗಿ ಪರೀಕ್ಷೆಯ ಅನುಕೂಲಗಳೂ ಸ್ಕಾಲರ್‌ಶಿಪ್‌ನ ವಿಷಯವೇ ಆಗಿಬಿಟ್ಟಿವೆ. ಕೇಂದ್ರದ ಮಾರ್ಗಸೂಚಿ ಪ್ರಕಾರ ಗಂಟೆಗೆ 20 ನಿಮಿಷಕ್ಕೆ ಕಡಿಮೆ ಇಲ್ಲದ ಹಾಗೆ ಹೆಚ್ಚುವರಿ ಸಮಯ ಕೊಡಬೇಕು. ಬೇಕೆಂದರೆ ಬರೆಯಲು ಇನ್ನೊಬ್ಬರನ್ನೂ ಪಡೆಯಬಹುದು. ಅವಳಿಗೆ ಸಹಾಯಕ ಬೇಡ. ‘ಗಣಿತ ನಾನು ಹೇಳಿ ಅವರು ಬರೆಯೋದು ತಲೆಗೆ ಹೋಗಲ್ಲ, ಟೈಮ್ ಕೊಟ್ಟರೆ ಸಾಕು’ ಅನ್ನುತ್ತಾಳೆ. ಮುಖ್ಯೋಪಾಧ್ಯಾಯರು ಅದರಂತೆ ಯುಡಿಐಡಿ ಪ್ರತಿ ಸೇರಿಸಿ ಕಾಗದ ಕಳಿಸಿದ್ದಾರೆ.

ಪಿಯುಸಿಗೆ ಸಾಗರವೋ ಶಿವಮೊಗ್ಗವೋ ಇನ್ನೂ ತೀರ್ಮಾನ ಆಗಿಲ್ಲ. ಎರಡರಲ್ಲಿ ಯಾವುದಾದರೂ ಹಾಸ್ಟೆಲ್ ಖಂಡಿತ. ವಿಕಲಚೇತನರ ಪೋಸ್ಟ್-ಮೆಟ್ರಿಕ್‌ನಲ್ಲಿ ಮಾಸಿಕ ಭತ್ಯೆ, ಪುಸ್ತಕ, ಅಂಗವೈಕಲ್ಯ ಭತ್ಯೆಯ ಜೊತೆಗೆ ವರ್ಷಕ್ಕೆ 1.5 ಲಕ್ಷದವರೆಗೆ ಶುಲ್ಕ ವಾಪಸ್ ಬರುತ್ತದೆ. ಕೇಳಲು ದೊಡ್ಡದು. ಸರ್ಕಾರಿ ಪಿಯು ಕಾಲೇಜಿನಲ್ಲಿ ಶುಲ್ಕವೇ ಕಡಿಮೆ, ವಾಪಸ್ ಕೊಡಲು ಏನಿದೆ? ಅದೂ ಹೊಸ ಅರ್ಜಿ, ಮತ್ತೆ ಆಯ್ಕೆಯ ಸರದಿ. ನನ್ನ ಅಭಿಪ್ರಾಯ ಕೇಳಿದ್ದಕ್ಕೆ ಹೇಳಿದೆ: 60 ದಾಟಿದರೆ ಪಿಯುಸಿ ಮುಗಿಯುವವರೆಗೆ ಎನ್‌ಎಂಎಂಎಸ್‌ನಲ್ಲೇ ಇರಲಿ, ಪದವಿ ಮೊದಲ ವರ್ಷಕ್ಕೆ ಪೋಸ್ಟ್-ಮೆಟ್ರಿಕ್‌ಗೆ ಹೋಗಲಿ. ಶುಲ್ಕ ಜಾಸ್ತಿ ಇರುವುದು ಅಲ್ಲಿ, ಆ ಹೊತ್ತಿಗೆ ಎನ್‌ಎಂಎಂಎಸ್ ಹೇಗೂ ಮುಗಿದಿರುತ್ತದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ 5 ಪರ್ಸೆಂಟ್ ಸೀಟು, ವಯಸ್ಸಿನಲ್ಲಿ 5 ವರ್ಷ ರಿಯಾಯಿತಿ ಕಾಯ್ದೆಯ 32ನೇ ಸೆಕ್ಷನ್‌ನಲ್ಲಿದೆ. ಅದಕ್ಕೂ ಇದೇ ಹಳದಿ ಕಾರ್ಡು ಸಾಕು. ಅಂಕ 60ಕ್ಕಿಂತ ಕಡಿಮೆ ಬಂದರೆ ಯೋಚನೆಯೇ ಬೇಡ, ಮೊದಲ ಪಿಯುಸಿಗೇ ಪೋಸ್ಟ್-ಮೆಟ್ರಿಕ್ ಹಾಕಬೇಕು. ಆದಾಯ ಪ್ರಮಾಣ ಪತ್ರಕ್ಕೆ ಐದು ವರ್ಷ ಆಯುಸ್ಸು. ಪದವಿಗೆ ಹೋಗುವ ಹೊತ್ತಿಗೆ ಹೊಸದು ಬೇಕಾಗಬಹುದು, ಕೊನೇ ದಿನಕ್ಕೆ ಇಟ್ಟುಕೊಳ್ಳಬಾರದು.

ಭತ್ಯೆಯ ವಿಷಯ ನಾವು ಬಿಟ್ಟಿಲ್ಲ. ದೆಹಲಿಯಲ್ಲಿ ವಿಕಲಚೇತನರ ಮುಖ್ಯ ಆಯುಕ್ತರು ಇದ್ದಾರೆ. ಕಾಯ್ದೆಗೆ ಹೊಂದದ ಯೋಜನೆ, ನಿಯಮಗಳನ್ನು ಗುರುತಿಸಿ ಸರಿಪಡಿಸಲು ಶಿಫಾರಸು ಮಾಡುವುದು ಅವರ ಕೆಲಸಗಳಲ್ಲಿ ಒಂದು. ಅಪ್ಪನ ಸಹಿಯಲ್ಲಿ ಒಂದು ಅರ್ಜಿ ಕಳಿಸಿದ್ದೇವೆ. ಬೇರೆ ವಿದ್ಯಾರ್ಥಿವೇತನ ಆರಿಸಿಕೊಂಡ ಮಗುವಿಗೂ ಅಂಗವೈಕಲ್ಯ ಭತ್ಯೆಯನ್ನಷ್ಟೇ ಬಿಡಿಸಿ ಕೊಡಿ ಎಂದು ಅದರಲ್ಲಿ ಕೇಳಿದ್ದೇವೆ. ಉತ್ತರ ಬಂದಿಲ್ಲ.

ತಮ್ಮ ಈಗ ಏಳನೇ ತರಗತಿ. ಕೇಂದ್ರದ ಪ್ರಿ-ಮೆಟ್ರಿಕ್ ಒಂಬತ್ತರಿಂದ ಶುರು, ಅಲ್ಲಿಯವರೆಗೆ ಅವನಿಗೆ ರಾಜ್ಯದ ವಿಕಲಚೇತನರ ಇಲಾಖೆಯದ್ದು, ಎಸ್‌ಎಸ್‌ಪಿ ಎಂಬ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಒಂದೇ ಮನೆಯ ಇಬ್ಬರು ಮಕ್ಕಳವರೆಗೆ ಕೇಂದ್ರದ್ದು ಸಿಗುತ್ತದೆ, ಆದ್ದರಿಂದ ಅಕ್ಕ ಪಡೆದರೆ ಅವನಿಗೆ ತಪ್ಪುವುದಿಲ್ಲ. ಮುಂದಿನ ವರ್ಷ ಅವನೂ ಎನ್‌ಎಂಎಂಎಸ್ ಬರೆಯುತ್ತಾನಂತೆ. ಆ ಪರೀಕ್ಷೆಯಲ್ಲಿ ಬುದ್ಧಿಶಕ್ತಿಯ 90 ಪ್ರಶ್ನೆ, ಅದರಲ್ಲಿ ಸಣ್ಣ ಸಣ್ಣ ಚಿತ್ರಗಳು ಬೇರೆ. ಅಕ್ಕ ಅದನ್ನು ಹೆಚ್ಚುವರಿ ಸಮಯ ಇಲ್ಲದೆ ಬರೆದಿದ್ದಳು, ಕೇಳಬಹುದು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈ ಸಲ ಅರ್ಜಿ ತುಂಬುವಾಗಲೇ ಅಂಗವೈಕಲ್ಯದ ಕಾಲಂ ಗುರುತು ಮಾಡಿ, ಸಮಯ ಬೇಕು ಎಂದು ಶಾಲೆಗೆ ಬರೆದು ಕೊಡಬೇಕು. ಅಮ್ಮನಿಗೆ ಹೇಳಿದ್ದೇನೆ, ವಿಆರ್‌ಡಬ್ಲ್ಯೂ ತಮ್ಮ ಡೈರಿಯಲ್ಲಿ ಬರೆದುಕೊಂಡಿದ್ದಾರೆ.